ಚಕ್ಕುಬಂದಿ ಇಲ್ಲದ ಜಮೀನು

ನಮ್ಮ ಸೋದರಮಾವ ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಡತವೊಂದನ್ನು ಸಾಯಲೂ ಬಿಡದೆ ಬದುಕಲೂ ಬಿಡದೆ ಎಷ್ಟು ವರ್ಷ ಬೇಕಾದರೂ ಇಟ್ಟುಕೊಳ್ಳುವ ವಿದ್ಯೆ ಅವರಿಗೆ ಕರತಲಾಮಲಕ. ಒಂದು ಹದ್ದುಬಸ್ತು ಅರ್ಜಿಯನ್ನು 17 ವರ್ಷ ಮೇಜಿನಿಂದ ಮೇಜಿಗೆ ಅಡ್ಡಾಡಿಸಿದ್ದನ್ನು ಈಗಲೂ ಹಬ್ಬದ ಊಟಕ್ಕೆ ಕೂತಾಗ ನೆನೆಸಿಕೊಳ್ಳುತ್ತಾರೆ. ಅರ್ಜಿದಾರ ತೀರಿಕೊಂಡ, ಅವನ ಮಗ ಛತ್ರಿ ಹಿಡಿದು ಬಂದು ನಿಂತ, ಅವನ ತಲೆಯೂ ನರೆಯಿತು, ಕಡತ ಮಾತ್ರ ಕೆಂಪು ದಾರದಲ್ಲಿ ಕನ್ಯೆಯಂತೆ ಇತ್ತು. ಅಂಥವರ ಮುಂದೆ ಮೊನ್ನೆ ನಾನು ವಿಶ್ವಸಂಸ್ಥೆಯ ವಿಷಯ ತೆಗೆದೆ.

“ಮಾವ, ಭಯೋತ್ಪಾದನೆ ತಡೆಯೋಕೆ ಒಂದು ಸಮಗ್ರ ಒಪ್ಪಂದ ಆಗಲಿ ಅಂತ ಭಾರತ 1996ರಲ್ಲಿ ಕರಡು ಕೊಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಮಿತಿಯೂ ಆಯ್ತು.”

“ಈಗೆಲ್ಲಿದೆ?”

“ಚರ್ಚೆಯಲ್ಲಿದೆ.”

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಯಾರ ಮೇಲಾದರೂ ಗೌರವ ಹುಟ್ಟಿದಾಗ ಅವರು ಹೀಗೇ ಮಾಡುವುದು.

“ತೊಡಕು ಎಲ್ಲಿ?”

“ಭಯೋತ್ಪಾದನೆ ಅಂದ್ರೆ ಏನು ಅನ್ನೋದ್ರಲ್ಲಿ.”

“ಅಂದ್ರೆ ಕ್ರಯಪತ್ರ ಬರೆದಿದ್ದಾರೆ, ಚಕ್ಕುಬಂದಿ ಬರೆದಿಲ್ಲ ಅನ್ನು.”

ಇದಕ್ಕಿಂತ ಚೆನ್ನಾಗಿ ಯಾವ ರಾಯಭಾರಿಯೂ ಹೇಳಿಲ್ಲ. ಪೂರ್ವದ ಗಡಿಯಲ್ಲಿ ಒಂದಷ್ಟು ದೇಶಗಳು ನಿಂತು, ಪರಕೀಯರ ಆಕ್ರಮಣದ ವಿರುದ್ಧ ಹೋರಾಡುವವರನ್ನು ಈ ಜಮೀನಿಗೆ ಸೇರಿಸಬೇಡಿ ಎನ್ನುತ್ತವೆ. ಪಶ್ಚಿಮದ ಗಡಿಯಲ್ಲಿ ಇನ್ನೊಂದಷ್ಟು ದೇಶಗಳು, ನಮ್ಮ ಸೈನ್ಯ ಮಾಡಿದ್ದಕ್ಕೆ ಬೇರೆ ಕಾನೂನಿದೆ, ಅದನ್ನು ಇಲ್ಲಿಗೆ ಎಳೆಯಬೇಡಿ ಎನ್ನುತ್ತವೆ. ಇಬ್ಬರೂ ರಾತ್ರಿ ಎದ್ದು ಗಡಿಕಲ್ಲು ಸರಿಸುವವರೇ. ಹೀಗಾಗಿ ವಿಮಾನ ಅಪಹರಿಸುವುದು ತಪ್ಪು, ಒತ್ತೆಯಾಳು ಇಟ್ಟುಕೊಳ್ಳುವುದು ತಪ್ಪು, ಬಾಂಬ್ ಇಡುವುದು ತಪ್ಪು, ಅದಕ್ಕೆ ದುಡ್ಡು ಕೊಡುವುದು ತಪ್ಪು ಎಂದು ಒಂದೊಂದೇ ಗುಂಟೆಗೆ ಪೋಡಿ ಆಗಿದೆ. ಒಟ್ಟು ಜಮೀನು ಯಾವುದು ಎಂದು ಮಾತ್ರ ಯಾರೂ ಕೇಳುವಂತಿಲ್ಲ. ಅಲೆಕ್ಸ್ ಷ್ಮಿಡ್ ಎಂಬ ವಿದ್ವಾಂಸರು 1980ರ ದಶಕದಲ್ಲೇ ಈ ಪದಕ್ಕೆ 109 ವ್ಯಾಖ್ಯೆಗಳನ್ನು ಕಲೆಹಾಕಿದ್ದರು. ವ್ಯಾಖ್ಯೆಗೆ ಬರ ಬಂದಿಲ್ಲ. ಬೇಕಾದಾಗ ಬೇಕಾದವರ ಹೆಸರು ತುಂಬಿಕೊಳ್ಳಲು ಆ ಜಾಗ ಖಾಲಿ ಇದ್ದರೇ ಎಲ್ಲರಿಗೂ ಅನುಕೂಲ, ಅಷ್ಟೆ.

ಕಡತ 1996ರದ್ದು ಎಂದುಕೊಂಡಿದ್ದ ಮಾವನಿಗೆ ಹಳೆಯ ಉಲ್ಲೇಖವನ್ನೂ ತೋರಿಸಿದೆ. 1934ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ಯುಗೊಸ್ಲಾವಿಯದ ದೊರೆ ಅಲೆಕ್ಸಾಂಡರ್ ಕೊಲೆಯಾದ. ಮೂರೇ ವರ್ಷದಲ್ಲಿ, 1937ರಲ್ಲಿ, ವಿಶ್ವಸಂಸ್ಥೆಗೆ ಮೊದಲಿದ್ದ ರಾಷ್ಟ್ರಸಂಘ ಭಯೋತ್ಪಾದನೆ ವಿರುದ್ಧ ಒಪ್ಪಂದ ತಯಾರಿಸಿತು. 24 ದೇಶ ಸಹಿ ಹಾಕಿದವು. ಅದನ್ನು ಅನುಮೋದಿಸಿದ ದೇಶ ಜಗತ್ತಿಗೆಲ್ಲ ಒಂದೇ ಒಂದು: ಇಂಡಿಯಾ. ಮಾವ ಎದೆಯುಬ್ಬಿಸಿ ಕೂತರು. ಆಗ ಇಂಡಿಯಾ ಎಂದರೆ ಬ್ರಿಟಿಷ್ ಸರ್ಕಾರ, ಅವರ ಲೆಕ್ಕದಲ್ಲಿ ಭಯೋತ್ಪಾದಕ ಎಂದರೆ ಅಗೋ ಅಲ್ಲಿ ನಿಮ್ಮ ಗೋಡೆಯ ಮೇಲೆ ಹ್ಯಾಟು ಹಾಕಿಕೊಂಡಿರುವವನು ಎಂದು ಭಗತ್ ಸಿಂಗ್ ಪಟ ತೋರಿಸಿದ ಮೇಲೆ ಉಬ್ಬಿದ್ದು ಇಳಿಯಿತು. ಆ ಒಪ್ಪಂದ ಜಾರಿಗೆ ಬರಲೇ ಇಲ್ಲ.

ಮಾವ ಕಡತವನ್ನು ಅಳೆಯುವುದು ‘ವಿಷಯ’ದ ಸಾಲಿನಿಂದ. ಅದಕ್ಕೇ 1972ರ ಸಾಲನ್ನು ಓದಿ ಹೇಳಿದೆ. ಆ ವರ್ಷ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ 11 ಮಂದಿ ಕ್ರೀಡಾಪಟುಗಳು, ತರಬೇತುದಾರರು ಕೊಲೆಯಾದರು. ಮಹಾ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ಈ ವಿಷಯ ಮಹಾಸಭೆಗೆ ತಂದರು. ಸದಸ್ಯರು ಸೇರಿ ಹಿಗ್ಗಿಸಿದ ಮೇಲೆ ಅದು ಹೀಗಾಯಿತು: ಮುಗ್ಧರ ಜೀವಕ್ಕೆ ಅಪಾಯ ತರುವ ಅಥವಾ ಜೀವ ತೆಗೆಯುವ ಅಥವಾ ಮೂಲಭೂತ ಸ್ವಾತಂತ್ರ್ಯಗಳಿಗೆ ಧಕ್ಕೆ ತರುವ ಅಂತರರಾಷ್ಟ್ರೀಯ ಭಯೋತ್ಪಾದನೆಯನ್ನು ತಡೆಯುವ ಕ್ರಮಗಳು, ಹಾಗೂ ದಾರಿದ್ರ್ಯ, ಹತಾಶೆ, ಕುಂದುಕೊರತೆ, ನಿರಾಶೆಗಳಲ್ಲಿ ಬೇರೂರಿದ, ಆಮೂಲಾಗ್ರ ಬದಲಾವಣೆಯ ಯತ್ನದಲ್ಲಿ ಕೆಲವರು ತಮ್ಮದೂ ಸೇರಿದಂತೆ ಮನುಷ್ಯಜೀವಗಳನ್ನು ಬಲಿಕೊಡುವಂತೆ ಮಾಡುವ ಅಂಥ ಭಯೋತ್ಪಾದನೆಯ ಮತ್ತು ಹಿಂಸಾಕೃತ್ಯಗಳ ಮೂಲ ಕಾರಣಗಳ ಅಧ್ಯಯನ.

“ಇನ್ನೊಂದ್ಸಲ ಓದು,” ಎಂದರು ಮಾವ, ಕಣ್ಣು ಮುಚ್ಚಿ, ಸಂಗೀತ ಕೇಳುವವರ ಹಾಗೆ.

ವಿಷಯ ಓದಿ ಮುಗಿಸುವಷ್ಟರಲ್ಲಿ ಬಾಂಬ್ ಇಟ್ಟವನು ಊರು ದಾಟಿರುತ್ತಾನೆ. ಆದರೂ ಈ ‘ಮೂಲ ಕಾರಣ’ ಎನ್ನುವುದಿದೆಯಲ್ಲ, ಅದನ್ನು ನಾನು ನಗೆಯಾಡಿ ಬಿಡಲಾರೆ. ಅದು ನಿಜವಾಗಿಯೂ ಇರುವಂಥದ್ದು, ಹುಡುಕಿದರೆ ಸಿಗುವಂಥದ್ದು. ತೊಂದರೆಯೆಂದರೆ ಅದು ಸಿಗುವುದು ಹುಡುಕುವವರ ಮನೆಯ ಅಟ್ಟದ ಮೇಲೆ. 1980ರ ದಶಕದಲ್ಲಿ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ಬಂದು ಕೂತಿದ್ದಾಗ, ಅಮೆರಿಕದ ನೆಬ್ರಾಸ್ಕದ ಒಂದು ವಿಶ್ವವಿದ್ಯಾಲಯ, ಅಮೆರಿಕದ್ದೇ ನೆರವಿನ ಹಣದಲ್ಲಿ, ಆಫ್ಘನ್ ಮಕ್ಕಳಿಗೆ ಪಠ್ಯಪುಸ್ತಕ ಮಾಡಿಸಿಕೊಟ್ಟಿತು. ನಮ್ಮ ಮಕ್ಕಳು ಮಾವಿನಹಣ್ಣು ಎಣಿಸಿ ಕೂಡುವುದನ್ನು ಕಲಿತರೆ ಆ ಮಕ್ಕಳು ಗುಂಡು ಎಣಿಸಿ ಕಲಿತರು. ನಾಲ್ಕನೇ ಕ್ಲಾಸಿನ ಒಂದು ಲೆಕ್ಕದಲ್ಲಿ ಕಲಾಶ್ನಿಕೋವ್ ಗುಂಡಿನ ವೇಗ ಸೆಕೆಂಡಿಗೆ 800 ಮೀಟರು, ಶತ್ರು ನಿಂತಿರುವುದು 3,200 ಮೀಟರು ದೂರದಲ್ಲಿ. ಅವನ ಹಣೆಗೆ ಗುಂಡು ತಾಕಲು ಎಷ್ಟು ಹೊತ್ತು ಎನ್ನುವುದು ಪ್ರಶ್ನೆ. ಉತ್ತರ 4 ಸೆಕೆಂಡು. ಹುಡುಗರು ಲೆಕ್ಕ ಸರಿಯಾಗಿಯೇ ಕಲಿತರು. ಮೇಷ್ಟರಿಗೆ ಅದು ಅರ್ಥವಾಗಲು 2001ರ ಸೆಪ್ಟೆಂಬರ್ ಬರಬೇಕಾಯಿತು. 2006ರಲ್ಲಿ ವಿಶ್ವಸಂಸ್ಥೆ ನಾಲ್ಕು ಕಂಬಗಳ ಜಾಗತಿಕ ಕಾರ್ಯತಂತ್ರ ಮಾಡಿತಲ್ಲ, ಅದರ ಮೊದಲ ಕಂಬವೇ ಭಯೋತ್ಪಾದನೆಗೆ ನೀರುಣಿಸುವ ಪರಿಸ್ಥಿತಿಗಳನ್ನು ಸರಿಪಡಿಸುವುದು. ಎರಡು ವರ್ಷಕ್ಕೊಮ್ಮೆ ಪರಿಶೀಲನೆಯೂ ಉಂಟು, ಜಾತ್ರೆಗೆ ತೇರಿಗೆ ಬಣ್ಣ ಹೊಡೆದ ಹಾಗೆ.

ಇನ್ನು ತಕರಾರಿನ ಅಧ್ಯಾಯ. ಜೈಷ್-ಎ-ಮೊಹಮ್ಮದ್ ಸಂಘಟನೆ 2001ರಲ್ಲೇ ಭದ್ರತಾ ಮಂಡಳಿಯ ನಿರ್ಬಂಧಗಳ ಪಟ್ಟಿಗೆ ಸೇರಿತು. ಅದನ್ನು ಕಟ್ಟಿದ ಮಸೂದ್ ಅಜರ್ ಸೇರಲಿಲ್ಲ. ಅಂಗಡಿಗೆ ಬೀಗ, ಮಾಲೀಕ ಜಗಲಿಯ ಮೇಲೆ. ಹೆಸರು ಸೇರಿಸಿ ಎಂದಾಗಲೆಲ್ಲ, 2009, 2016, 2017, ಕಡೆಗೆ 2019ರ ಮಾರ್ಚ್‌ನಲ್ಲೂ, ಚೀನಾ ‘ತಾಂತ್ರಿಕ ತಡೆ’ ಹಾಕಿತು. ತಡೆ ಆರು ತಿಂಗಳು, ಬೇಕೆಂದರೆ ಇನ್ನೂ ಮೂರು. ಮಾವ ಅವಧಿ ಕೇಳಿ, ನಮ್ಮ ಖಾತೆ ಬದಲಾವಣೆಯ ತಕರಾರಿಗೆ ಒಂದೇ ತಿಂಗಳು ಕೊಡುತ್ತಿದ್ದೆವಲ್ಲ ಎಂದು ಹೊಟ್ಟೆಕಿಚ್ಚುಪಟ್ಟರು. ಆ ಕೊನೆಯ ತಡೆಗೆ ಒಂದು ತಿಂಗಳ ಹಿಂದೆ, ಫೆಬ್ರುವರಿ 14ರಂದು, ಪುಲ್ವಾಮಾದಲ್ಲಿ ನಡೆದ ಜೈಷ್ ದಾಳಿಯಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತಿದ್ದರು. ಅವರಲ್ಲಿ ಒಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಮೇ 1ರಂದು ಅಜರ್ ಹೆಸರು ಪಟ್ಟಿಗೆ ಸೇರಿತು. ಸೇರಿಸಲು ಕೊಟ್ಟ ಕಾರಣಗಳಲ್ಲಿ ಪುಲ್ವಾಮಾದ ಹೆಸರಿರಲಿಲ್ಲ.

ಕೆಲಸ ಮಾಡಿದ್ದು ಏನಾದರೂ ಇದ್ದರೆ ಭಯೋತ್ಪಾದನೆಗೆ ಹೋಗುವ ದುಡ್ಡಿನ ಲೆಕ್ಕ ಕೇಳುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್. 2018ರಿಂದ 2022ರವರೆಗೆ ಪಾಕಿಸ್ತಾನವನ್ನು ಬೂದು ಪಟ್ಟಿಯಲ್ಲಿ ಕೂರಿಸಿತು. ಸಾಲ ಹುಟ್ಟುವುದು ಕಷ್ಟ ಎಂದಾದಾಗ ಪವಾಡಗಳು ನಡೆದವು. ಮುಂಬೈ ದಾಳಿಯ ಸಂಚುಕೋರ ಸಾಜಿದ್ ಮೀರ್ ಸತ್ತಿದ್ದಾನೆ ಎಂದು ಹೇಳುತ್ತಿದ್ದವರು 2022ರಲ್ಲಿ ಅವನನ್ನು ಜೀವಂತ ಹಿಡಿದು ಜೈಲಿಗೆ ಹಾಕಿದರು. “ನಮ್ಮಲ್ಲೂ ಸತ್ತವರು ಎದ್ದು ಬರ್ತಿದ್ರು,” ಎಂದರು ಮಾವ, “ಪಿಂಚಣಿ ಮಂಜೂರಾದಾಗ.”

ಪಟ್ಟಿಗೆ ಸೇರುವುದು ಎಷ್ಟು ಕಷ್ಟವೋ ಬಿಟ್ಟುಹೋಗುವುದು ಅಷ್ಟೇ ಸುಲಭ, ಕೈಯಲ್ಲಿ ಒಂದು ದೇಶ ಇದ್ದರೆ. ಮುಂದೆ ಸಿರಿಯಾದ ಅಧ್ಯಕ್ಷನಾದ ಅಹ್ಮದ್ ಅಲ್-ಶರಾ ತಲೆಗೆ ಅಮೆರಿಕ 1 ಕೋಟಿ ಡಾಲರ್ ಬೆಲೆ ಕಟ್ಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆತ ವಿಶ್ವಸಂಸ್ಥೆಯ ವೇದಿಕೆ ಮೇಲೆ ನಿಂತು ಭಾಷಣ ಮಾಡಿದಾಗ ಅದೇ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಆತನ ಹೆಸರು ಇನ್ನೂ ಇತ್ತು. ನವೆಂಬರ್ 6ಕ್ಕೆ ತೆಗೆದರು, 10ಕ್ಕೆ ಶ್ವೇತಭವನದಲ್ಲಿ ಸತ್ಕಾರ. ನಾವೇನು ಕಮ್ಮಿ? ಪಟ್ಟಿಯಲ್ಲಿರುವ ತಾಲಿಬಾನ್ ವಿದೇಶಾಂಗ ಸಚಿವ ಮುತ್ತಕಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದರು. ಪ್ರಯಾಣಕ್ಕೆ ವಿನಾಯಿತಿ ಕೊಡಬೇಕಾದದ್ದು ಭದ್ರತಾ ಮಂಡಳಿಯ ತಾಲಿಬಾನ್ ನಿರ್ಬಂಧ ಸಮಿತಿ. ಅದರ ಅಧ್ಯಕ್ಷ ಸ್ಥಾನ ಆ ವರ್ಷ ಪಾಕಿಸ್ತಾನದ್ದು. ಭಯೋತ್ಪಾದನೆ ನಿಗ್ರಹ ಸಮಿತಿಯ ಉಪಾಧ್ಯಕ್ಷ ಸ್ಥಾನಗಳಲ್ಲೊಂದೂ ಅದಕ್ಕೇ ಸಿಕ್ಕಿತ್ತು, ಪಹಲ್ಗಾಮ್‌ನಲ್ಲಿ 26 ಜನ ಸತ್ತು ಎರಡು ತಿಂಗಳೂ ಆಗಿರಲಿಲ್ಲ.

ಇಲ್ಲಿಗೆ ಬಂದಾಗ ಮಾವ ಕಾಫಿ ಲೋಟ ಕೆಳಗಿಟ್ಟರು. ಒತ್ತುವರಿ ತೆರವಿನ ಸಮಿತಿಗೆ ಒತ್ತುವರಿದಾರನನ್ನೇ ಹಾಕುವಷ್ಟು ಧೈರ್ಯ ತಮ್ಮ ಕಾಲದಲ್ಲಿ ಯಾರಿಗೂ ಇರಲಿಲ್ಲ ಎಂದು ಒಪ್ಪಿಕೊಂಡರು. ಸ್ವಲ್ಪ ಹೊತ್ತು ಏನೋ ಲೆಕ್ಕ ಹಾಕುತ್ತ ಕೂತಿದ್ದು ಕೇಳಿದರು:

“ಅಲ್ಲ ಕಣೋ, ಈ ಕಡತದಲ್ಲಿ ಅರ್ಜಿದಾರರು ಯಾರು?”

“ಸತ್ತವರು, ಮಾವ.”

“ಹಾಗಾದ್ರೆ ಕೌಂಟರಿಗೆ ಬಂದು ಏನಾಯ್ತು ಅಂತ ವಿಚಾರಿಸೋರು ಯಾರೂ ಇಲ್ಲ,” ಎಂದು ಮಾವ ನಿಟ್ಟುಸಿರುಬಿಟ್ಟರು. “ಅಂಥ ಕಡತ ಸಿಗೋದಕ್ಕೆ ಪುಣ್ಯ ಮಾಡಿರಬೇಕು.”