ನೀರವರಾಯರ ಫ್ಯಾನು

ಬೆಂಗಳೂರಿನ ಇಂದಿರಾನಗರದ ಎರಡನೇ ಹಂತದಿಂದ ಹಿಡಿದು ಕೆ.ಆರ್. ಪುರದ ತೂಗುಸೇತುವೆಯಾಚೆಗಿನ ಪಿ.ಜಿ.ಗಳವರೆಗೆ ಒಂದು ಜಾತಿಯ ಜನ ಹಬ್ಬಿಕೊಂಡಿದ್ದಾರೆ. ಗುರುತು ಹಿಡಿಯುವುದು ಸುಲಭ. ಕಂಪ್ಯೂಟರು ಆನ್ ಮಾಡಿದ ಕೂಡಲೇ ಇವರು ಪರದೆ ನೋಡುವುದಿಲ್ಲ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಮೇಜಿನ ಕೆಳಗಿನ ಡಬ್ಬಿಗೆ ಕಿವಿಗೊಡುತ್ತಾರೆ. ವಯಸ್ಸು ಮೂವತ್ತರಿಂದ ಐವತ್ತು, ಕಸುಬು ಸಾಮಾನ್ಯವಾಗಿ ಸಾಫ್ಟ್‌ವೇರು, ಕೈಯಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಇರುವ ಫೋನು. ಇವರನ್ನೆಲ್ಲ ಸೇರಿಸಿ ನೀರವರಾಯರು ಎನ್ನೋಣ. ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರೆ ಜಗಳವಾಗುತ್ತದೆ, ಜಗಳದ ಸದ್ದು ಅವರಿಗೆ ಆಗಿಬರುವುದಿಲ್ಲ. ರಾಯರ ಸದ್ಯದ ಜೀವನಧ್ಯೇಯ, ಸದ್ದಿಲ್ಲದೆ ತಿರುಗುವ ಒಂದು 120 ಮಿಲಿಮೀಟರ್ ಫ್ಯಾನು. ಅವರು ಹುಡುಕುತ್ತಿರುವುದು ಮೌನವನ್ನು ಎಂದು ಮನೆಯವರು ತಿಳಿದಿದ್ದಾರೆ, ರಾಯರೂ ಹಾಗೇ ತಿಳಿದಿದ್ದಾರೆ. ನನ್ನ ವಾದ ಬೇರೆ. ರಾಯರಿಗೆ ಬೇಕಿರುವುದು ತಮ್ಮ ಮಾತು ಕೇಳುವ ಒಂದು ಸದ್ದು.

ಸಾಕ್ಷಿಗಾಗಿ ಮೊದಲು ಅವರ ಕಿಟಕಿಯಾಚೆ ಕಿವಿ ಹಾಯಿಸಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮೀರಬಾರದು. ರಾಯರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಫ್ಯಾನು ಆಸ್ಟ್ರಿಯಾದ ನಾಕ್ಟುವಾ ಕಂಪನಿಯದು, 2018ರಲ್ಲಿ ಬಂದದ್ದು, ಕಾಫಿಗೆ ಹಾಲು ಹೆಚ್ಚಾದ ಬಣ್ಣದ್ದು. ನಿಮಿಷಕ್ಕೆ 2000 ಸುತ್ತು ಸುತ್ತಿದರೂ ಅದರ ಸದ್ದು 22.6 ಡೆಸಿಬೆಲ್ ಎಂದು ಕಂಪನಿ ಹೇಳುತ್ತದೆ. ಡೆಸಿಬೆಲ್ಲಿನದು ಸಾಧಾರಣ ಕೂಡಿ ಕಳೆಯುವ ಲೆಕ್ಕವಲ್ಲ, ಹತ್ತು ಏರಿದರೆ ಶಕ್ತಿ ಹತ್ತು ಪಟ್ಟು. ಹಾಗಾಗಿ ಕಾನೂನು ಅಕ್ಷರಶಃ ಪಾಲನೆಯಾದ, ಅಂದರೆ ಬೆಂಗಳೂರಿನಲ್ಲಿ ಎಂದೂ ಬಾರದ, ಒಂದು ರಾತ್ರಿಯಲ್ಲೂ ಕಿಟಕಿಯಾಚೆಯ ಸದ್ದು ಆ ಫ್ಯಾನಿನದಕ್ಕಿಂತ 150 ಪಟ್ಟಿಗೂ ಮಿಕ್ಕಿ ಇರಬಹುದು. ಇನ್ನು ನಿಜವಾಗಿ ಬರುವ ರಾತ್ರಿಗಳೋ! ನೂರಡಿ ರಸ್ತೆಯ ಪಬ್ಬಿನಿಂದ ಹಾಡು ಬರುವುದಿಲ್ಲ, ಹಾಡಿನ ಗುದ್ದು ಮಾತ್ರ ಗೋಡೆ ದಾಟಿ ಬರುತ್ತದೆ. ಸಿ.ಎಂ.ಎಚ್. ರಸ್ತೆಯ ನೆತ್ತಿಯ ಮೇಲೆ 2011ರ ಅಕ್ಟೋಬರಿನಿಂದ ಮೆಟ್ರೊ ಓಡುತ್ತಿದೆ. ಎಚ್‌.ಎ.ಎಲ್. ನಿಲ್ದಾಣದ ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಗುಳೆ ಹೋದವು, ಯುದ್ಧವಿಮಾನಗಳೂ ಹೆಲಿಕಾಪ್ಟರುಗಳೂ ಹಳೇ ಬಾಡಿಗೆದಾರರಂತೆ ಜಾಗ ಬಿಟ್ಟಿಲ್ಲ. ಹಲಸೂರಿನಲ್ಲಿ ಪಲ್ಲಕ್ಕಿ ಉತ್ಸವ, ಶಿವಾಜಿನಗರದಲ್ಲಿ ಸೆಪ್ಟೆಂಬರಿನ ಮೇರಿಯಮ್ಮನ ತೇರು, ಕೆ.ಆರ್. ಪುರದಲ್ಲಿ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಹಾರನ್ನು, ರೈಲಿನ ಕೂಗು, ಹೊರವರ್ತುಲ ರಸ್ತೆಯ ಮೆಟ್ರೊ ಕಾಮಗಾರಿ. ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸುವ ಕೆಲಸವಂತೂ ಪೂರ್ವ ಬೆಂಗಳೂರಿನ ನಿತ್ಯಕರ್ಮ. ಇಷ್ಟರ ನಡುವೆ ರಾಯರು ಫ್ಯಾನಿನತ್ತ ಬೆರಳು ಮಾಡಿ, ‘ಇದೊಂದು ಸದ್ದು ತಡೆಯೋಕಾಗ್ತಿಲ್ಲ’ ಎನ್ನುತ್ತಾರೆ. ಪಬ್ಬಿನ ಬಗ್ಗೆ 112ಕ್ಕೆ ಫೋನ್ ಮಾಡಿದರೆ ಅರ್ಧ ಗಂಟೆ ತಗ್ಗುತ್ತದೆ. ವಾಯುಪಡೆಗೆ ಫೋನ್ ಮಾಡುವ ಕ್ರಮವಿಲ್ಲ. ಫ್ಯಾನಿಗಾದರೆ ನಾಲ್ಕು ಪಿನ್ನು ಇವೆ, ನಾಲ್ಕನೆಯದರ ಮೂಲಕ ಆಜ್ಞೆ ಕಳಿಸಿದರೆ ಅದು ಪಾಲಿಸುತ್ತದೆ. ಆ ಆಜ್ಞೆಯ ಮಿಡಿತ ಸೆಕೆಂಡಿಗೆ 25 ಸಾವಿರ ಸಲ, ಮನುಷ್ಯರ ಕಿವಿಗೆ ನಿಲುಕದಷ್ಟು ಮೇಲೆ. ಬೀದಿನಾಯಿಗೆ ಕೇಳಿಸೀತು, ಈವರೆಗೆ ಅದು ದೂರು ಕೊಟ್ಟಂತಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ತೂಕದ ಆಕ್ಷೇಪವೇ. ಸದ್ದಿನ ಪ್ರಮಾಣ ಮುಖ್ಯವಲ್ಲ, ಗುಣ ಮುಖ್ಯ; ಕಿವಿಯ ಬಳಿ ಸುಳಿಯುವ ಸೊಳ್ಳೆಗೆ ಎಷ್ಟು ಡೆಸಿಬೆಲ್ ಇರುತ್ತದೆ, ಆದರೂ ಮಳೆಯ ಸದ್ದಿನಲ್ಲಿ ಮಲಗುವವನನ್ನು ಅದು ಎಬ್ಬಿಸುವುದಿಲ್ಲವೇ? ನಿಜ. ಒಂಬತ್ತು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ಸುತ್ತಿದರೆ ಸೆಕೆಂಡಿಗೆ 180 ಸಲ ಒಂದಲ್ಲ ಒಂದು ರೆಕ್ಕೆ ಮೋಟಾರು ಹಿಡಿದಿರುವ ಒಂದೇ ಕಂಬಿಯ ಮುಂದೆ ಹಾದುಹೋಗುತ್ತದೆ, ಅಲ್ಲಿ ಒಂದು ಸ್ಥಿರವಾದ ಗುಂಯ್ ಹುಟ್ಟುತ್ತದೆ. ಹರಡಿಕೊಂಡ ಗಾಳಿಯ ಸುಯ್ಲನ್ನು ಮರೆಯುವ ಕಿವಿ ಇಂಥ ಒಂಟಿ ಸ್ವರವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ರಾಯರ ದೂರು ಕಲ್ಪಿತವಲ್ಲ ಎಂದು ಒಪ್ಪಿಕೊಂಡೇ ಮುಂದೆ ಹೋಗೋಣ. ಆದರೆ ಈ ಕಾಯಿಲೆಗೆ ಮದ್ದು ಬಿಟ್ಟಿ ಸಿಗುತ್ತದೆ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ; ಹತ್ತು ಇಳಿದರೇ ಕಿವಿಗೆ ಅರ್ಧವಾದಂತೆ ತೋರುತ್ತದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ಗೆ ಹೋಗಿ ಫ್ಯಾನಿನ ವೇಗದ ಗೆರೆಯನ್ನು ಕೆಳಕ್ಕೆ ಎಳೆದರೆ ಆಯಿತು. ಬಿಸಿ ಒಂದಿಷ್ಟು ಏರಬಹುದು, ಏರಲಿ. ಇಂದಿನ ಪ್ರೊಸೆಸರುಗಳು 95–100 ಡಿಗ್ರಿ ಮುಟ್ಟುವಾಗ ತಾವಾಗಿಯೇ ನಿಧಾನಿಸುವಂತೆ ಮಾಡಿದವು. ಇದೆಲ್ಲ ರಾಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಪ್ರೊಸೆಸರು 70 ದಾಟಿದರೆ ಮಗುವಿಗೆ ಜ್ವರ ಬಂದ ಗಾಬರಿ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿ ಚೆನ್ನೈಯದಕ್ಕಿಂತ ನೂರಕ್ಕೆ ಎಂಟೊಂಬತ್ತು ಪಾಲು ತೆಳು, ಅಷ್ಟರಮಟ್ಟಿಗೆ ಫ್ಯಾನು ಕಡಿಮೆ ಬಿಸಿ ಹೊರುತ್ತದೆ ಎಂಬ ಸೂಕ್ಷ್ಮವನ್ನೂ ಅವರು ಚಿಂತೆಗೆ ಸೇರಿಸಿಕೊಂಡಿದ್ದಾರೆ. ಬಿಟ್ಟಿ ಮದ್ದು ಕೈಯಲ್ಲಿದ್ದೂ, ಮನೆಗೆ ಚಾವಣಿ ಫ್ಯಾನೇ ಬರುವಷ್ಟು ದುಡ್ಡು ಕೊಟ್ಟು ಅಂಗೈಯಗಲದ ಫ್ಯಾನು ತರುವವರ ಉದ್ದೇಶ ಸದ್ದು ಇಳಿಸುವುದಷ್ಟೇ ಎಂದು ಹೇಗೆ ನಂಬುವುದು?

ಖರೀದಿಯ ವಿಧಾನ ಇನ್ನೂ ಬಲವಾದ ಪುರಾವೆ. ಮೊದಲು ಓದು. ಸ್ಲೀವ್ ಬೇರಿಂಗ್ ಹೊಸದರಲ್ಲಿ ಬಲು ಸಾಧು, ಎಣ್ಣೆ ಒಣಗಿದ ಮೇಲೆ ಗೊರಗುಟ್ಟುತ್ತದೆ; ಬಾಲ್ ಬೇರಿಂಗ್ ಬಾಳಿಕೆಯದು, ಮೊದಲ ದಿನದಿಂದಲೇ ಸಣ್ಣಗೆ ಗೊಣಗುತ್ತದೆ; ಎಣ್ಣೆಯ ಪದರವೇ ದಂಡವನ್ನು ಎತ್ತಿ ಹಿಡಿಯುವ ಫ್ಲೂಯಿಡ್ ಬೇರಿಂಗ್ ಸದ್ದಿಗೂ ಬಾಳಿಕೆಗೂ ಒಳ್ಳೆಯದು. ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ಸಂದಿಗಳಲ್ಲಿ ಗಾಳಿ ತೂರಿಸಲು ಒತ್ತಡವಿರುವ ಫ್ಯಾನು ಬೇಕು, ತೆರೆದ ಜಾಲರಿಗೆ ಬರೀ ಗಾಳಿ ಸಾಕು. ನಾಕ್ಟುವಾದವರು ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಮಾತ್ರ ಬಿಟ್ಟಿದ್ದಾರೆಂಬುದನ್ನು ಹೇಳುವಾಗ ರಾಯರ ಕಣ್ಣು ತೇವವಾಗುತ್ತದೆ. ಆಮೇಲೆ ಒಂದು ಶನಿವಾರ ನೇರಳೆ ಮೆಟ್ರೊ ಹತ್ತಿ ಎಸ್.ಪಿ. ರಸ್ತೆಯ ಕಡೆ ಪಯಣ. ಕೆ.ಆರ್. ಪುರದ ಕಡೆಯಿಂದ ಹೊರಟವರಿಗೆ ದಾರಿಯಲ್ಲಿ ಬೈಯಪ್ಪನಹಳ್ಳಿ, ಒಂದಾನೊಂದು ಕಾಲಕ್ಕೆ ಅಲ್ಲಿನ ಎನ್‌.ಜಿ.ಇ.ಎಫ್. ಕಾರ್ಖಾನೆ ಭಾರೀ ಮೋಟಾರುಗಳನ್ನು ಮಾಡುತ್ತಿತ್ತು, ಈಗ ಹೆಬ್ಬೆರಳು ಗಾತ್ರದ ಮೋಟಾರಿಗೆ ನಾವು ಆಸ್ಟ್ರಿಯಾದ ಕಡೆ ಮುಖಮಾಡಿದ್ದೇವೆ. ಅದಿರಲಿ. ಎಸ್.ಪಿ. ರಸ್ತೆ ಅಂದರೆ ಸಾದರ ಪತ್ರಪ್ಪ ರಸ್ತೆ: ಕೈಗಾಡಿ, ಸ್ಕೂಟರು, ‘ಲ್ಯಾಪ್‌ಟಾಪ್ ಬೇಕಾ ಸಾರ್’ ಎಂದು ತೋಳು ಹಿಡಿಯುವವರು. ಅಂಗಡಿಯವನು ಫ್ಯಾನಿಗೆ ವಯರು ಸಿಕ್ಕಿಸಿ ಗಿರ್ರನೆ ತಿರುಗಿಸಿ, ‘ಕಿವಿ ಇಟ್ಟು ನೋಡಿ ಸಾರ್, ಸೌಂಡೇ ಇಲ್ಲ’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ರಸ್ತೆಯಲ್ಲಿ ಯಾವ ಫ್ಯಾನಿಗೂ ಸೌಂಡಿಲ್ಲ. ರಾಯರು ಬಾಗಿ, ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ಅಂಗಡಿಯವನಿಗೆ ಇಂಥವರು ಹೊಸಬರಲ್ಲ. ‘ಲೈಟ್ ಇರೋದು ತಗೊಳ್ಳಿ ಸಾರ್, ಮೂರು ತಗೊಂಡ್ರೆ ಕಂಟ್ರೋಲರ್ ಫ್ರೀ’ ಎಂದು ಒಂದು ಮಾತು ಎಸೆದು ನೋಡುತ್ತಾನೆ. ಬಣ್ಣದ ದೀಪದ ಫ್ಯಾನು ರಾಯರ ದೃಷ್ಟಿಯಲ್ಲಿ ಚಾರಿತ್ರ್ಯಹೀನ. ಕೇಳಿಸದ ಸದ್ದಿನ ಬಗ್ಗೆ ಒಂದು ಗಂಟೆ ಪ್ರಶ್ನೆ ಕೇಳಿ ರಾಯರು ಹೊರಬೀಳುತ್ತಾರೆ. ಮೌನವೇ ಬೇಕಾಗಿದ್ದರೆ ಇಷ್ಟು ಗದ್ದಲ ದಾಟಿ ಅದನ್ನು ತರಲು ಹೋಗುತ್ತಿರಲಿಲ್ಲ.

ಜೋಡಣೆ ರಾತ್ರಿ ಹನ್ನೊಂದರ ನಂತರ, ಊರು ತುಸು ತಣ್ಣಗಾದ ಮೇಲೆ. ಮುಂದಿನ ಫ್ಯಾನು ಗಾಳಿ ಒಳಕ್ಕೆ ಎಳೆಯಬೇಕು, ಹಿಂದಿನದು ಹೊರಕ್ಕೆ ನೂಕಬೇಕು. ಚೌಕಟ್ಟಿನ ಅಂಚಿನಲ್ಲಿ ಬಾಣದ ಗುರುತು ಇದೆ, ಕಂಬಿಗಳಿರುವ ಮಗ್ಗುಲಿಗೆ ಗಾಳಿ ಹೊರಡುತ್ತದೆ. ಆದರೂ ಖಾತ್ರಿಗೆ ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆಂದು ನೋಡುತ್ತಾರೆ. ಬಾಗಿಲಲ್ಲಿ ನಿಂತ ಅತ್ತೆಯವರಿಗೆ, ಆಯುಧಪೂಜೆಗೆ ಕುಂಕುಮ ಇಡಲು ಬಂದಾಗ ಕಂಪ್ಯೂಟರಿಗೆ ಶಾಕ್ ಹೊಡೆಯುತ್ತದೆಂದು ತಡೆದ ಅಳಿಯ ಈಗ ಮಂಗಳಾರತಿಯ ಹಂತಕ್ಕೆ ಬಂದಿರುವುದು ಕಂಡು ಸಮಾಧಾನ. ಸ್ಕ್ರೂ ಬಿಗಿದರೆ ಫ್ಯಾನಿನ ನಡುಕ ತಗಡಿಗೆ ಹತ್ತಿ ಇಡೀ ಕ್ಯಾಬಿನೆಟ್ಟೇ ದನಿಗೂಡಿಸುತ್ತದೆ, ಆದ್ದರಿಂದ ರಬ್ಬರಿನ ಗೂಟ. ಅದನ್ನು ಎಳೆದು ಸಿಕ್ಕಿಸುವಾಗ ನಾಲ್ಕರಲ್ಲಿ ಒಂದು ಹರಿಯುವುದು ಪದ್ಧತಿ. ವಯರು ರೆಕ್ಕೆಗೆ ತಾಗದಂತೆ ಕಟ್ಟಿ, ಮುಚ್ಚಳ ಹಾಕಿ, ಸ್ವಿಚ್ಚು ಒತ್ತಿ, ತಲೆ ವಾಲಿಸುತ್ತಾರೆ. ಗುಂಯ್ ಇಲ್ಲ. ಮುಖ ಅರಳುತ್ತದೆ. ಮರುಗಳಿಗೆ ಹುಬ್ಬು ಗಂಟಿಕ್ಕುತ್ತದೆ: ಹಾರ್ಡ್ ಡಿಸ್ಕು ಗೀರುವುದು ಕೇಳಿಸುತ್ತಿದೆ! ದೊಡ್ಡ ಸದ್ದು ಚಿಕ್ಕದನ್ನು ಮುಚ್ಚಿಟ್ಟಿರುತ್ತದೆ. ದೊಡ್ಡದನ್ನು ತೆಗೆದರೆ ಅದರ ಹಿಂದೆ ಸಾಲಾಗಿ ನಿಂತವು ಒಂದೊಂದಾಗಿ ಹೆಸರು ಹೇಳಿಕೊಳ್ಳುತ್ತವೆ. ಡಿಸ್ಕಿನ ಹಿಂದೆ ಗ್ರಾಫಿಕ್ಸ್ ಕಾರ್ಡಿನ ಕಾಯಿಲಿನ ಕೀರಲು, ಅದರ ಹಿಂದೆ ಯು.ಪಿ.ಎಸ್. ಆಶ್ಚರ್ಯವೆಂದರೆ ರಾಯರಿಗೆ ಇದರಿಂದ ನಿರಾಶೆಯಾಗುವುದಿಲ್ಲ. ಆಳಲು ಮತ್ತಷ್ಟು ಪ್ರಜೆಗಳು ಸಿಕ್ಕ ಗೆಲುವು ಮುಖದಲ್ಲಿ ಕಾಣುತ್ತದೆ. ಅಷ್ಟೂ ಹೊತ್ತು ನೆತ್ತಿಯ ಮೇಲೆ ಚಾವಣಿ ಫ್ಯಾನು ಕಟಕಟ ಎನ್ನುತ್ತಲೇ ಇರುತ್ತದೆ, ಅದು ಅವರ ಗಣನೆಯಲ್ಲಿಲ್ಲ: ಮನೆ ಬಾಡಿಗೆಯದು, ಫ್ಯಾನು ಓನರದು.

ಹೊಟ್ಟೆ ತುಂಬಿದವರ ಖಯಾಲಿ ಎನ್ನುವವರಿದ್ದಾರೆ. ಅವರು ಕೆ.ಆರ್. ಪುರದ ಪಿ.ಜಿ.ಯ ಕಿರಿಯ ನೀರವರಾಯರನ್ನು ನೋಡಿಲ್ಲ. ಇವರ ಬಳಿ ಇರುವುದು ಕಂಪ್ಯೂಟರಿನ ಜೊತೆಗೇ ಬಂದ ಫ್ಯಾನು. ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ವಾಷರ್ ಮಾಡಿದ್ದಾರೆ, ಕ್ಯಾಬಿನೆಟ್ಟಿನ ಕೆಳಗೆ ಹಳೇ ಚಪ್ಪಲಿಯ ಅಟ್ಟೆ ಇಟ್ಟಿದ್ದಾರೆ. ಹೊರವರ್ತುಲ ರಸ್ತೆಯ ಧೂಳು ಜಾಲರಿಗೆ ಕಟ್ಟಿಕೊಂಡರೆ ಒಳಗೆ ಬಿಸಿಯೇರಿ ಫ್ಯಾನು ಜೋರಾಗುತ್ತದೆಂದು ಭಾನುವಾರಕ್ಕೊಮ್ಮೆ ಪೇಂಟು ಬ್ರಷ್ಷಿನಿಂದ ಉಜ್ಜುತ್ತಾರೆ. ಇವರ ಉಪಾಯ ಆಸ್ಟ್ರಿಯಾದ ರಬ್ಬರಿಗೆ ಹೆಚ್ಚೇನೂ ಕಡಿಮೆಯಿಲ್ಲವೆಂಬುದು ನನ್ನ ಅಭಿಪ್ರಾಯ. ಕೋಣೆಯಲ್ಲಿ ಇನ್ನಿಬ್ಬರು ಗೊರಕೆ ಹೊಡೆಯುತ್ತಾರೆ, ಅದಕ್ಕೆ ವಾಷರ್ ಹಾಕುವಂತಿಲ್ಲ. ದುಡ್ಡಿನ ಅಂತರ ಎಷ್ಟಿದ್ದರೂ ಇಬ್ಬರು ರಾಯರ ಆಸೆ ಒಂದೇ. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಬಾರದೇ ಎಂದು ಕೇಳಿದರೆ ಇಬ್ಬರ ಉತ್ತರವೂ ಒಂದೇ, ‘ಅದು ಸೋತ ಹಾಗಲ್ವಾ?’ ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ಬೇರೆ ಸಾಕ್ಷಿಯೇ ಬೇಕಿಲ್ಲ, ಯುದ್ಧವಿಲ್ಲದ ಕಡೆ ಸೋಲಿನ ಮಾತು ಬರುವುದಿಲ್ಲ.

ಹಾಗೆಂದು ರಾಯರನ್ನು ಹುಚ್ಚರ ಪಟ್ಟಿಗೆ ಸೇರಿಸುವುದು ಅನ್ಯಾಯ. ಈ ಊರಿನಲ್ಲಿ ತಮ್ಮ ಗಡಿ ಗುರುತಿಸಿಕೊಳ್ಳುವವರೆಲ್ಲ ಸದ್ದು ಹೆಚ್ಚಿಸಿಕೊಂಡೇ ಗುರುತಿಸುತ್ತಾರೆ. ಶಿವಾಜಿನಗರದ ಗ್ಯಾರೇಜಿನಲ್ಲಿ ಬುಲೆಟ್ಟಿನ ಸೈಲೆನ್ಸರು ಬದಲಿಸಿಕೊಂಡು ಹೊರಟವನ ರಾಜ್ಯ ಹಲಸೂರು ಕೆರೆಯ ತನಕ. ಗಣೇಶನ ಪೆಂಡಾಲಿನ ಸ್ಪೀಕರಿನ ರಾಜ್ಯ ಮೂರು ಕ್ರಾಸು. ಪಬ್ಬಿನದು ಪಕ್ಕದ ಮನೆಯ ಮಲಗುವ ಕೋಣೆಯವರೆಗೆ. ಇವರ ನಡುವೆ ತಮ್ಮ ಸದ್ದನ್ನು ತಗ್ಗಿಸಿ ರಾಜ್ಯ ಕಟ್ಟಲು ಹೊರಟವರು ರಾಯರೊಬ್ಬರೇ, ಆ ರಾಜ್ಯ ಮೇಜಿನ ಕಾಲು ದಾಟುವುದಿಲ್ಲ. ಇದರಲ್ಲೂ ಒಂದು ಕೊಕ್ಕೆ ಇದೆಯೆನ್ನಿ. ರಾಯರು ಹಗಲು ಬರೆಯುವ ಕೋಡು ಓಡುವುದು ಯಾವುದೋ ಡೇಟಾ ಸೆಂಟರಿನಲ್ಲಿ, ಅಲ್ಲಿನ ಸರ್ವರುಗಳ ಪುಟ್ಟ ಫ್ಯಾನುಗಳು ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿ ಕಿರುಚುತ್ತಿರುತ್ತವೆ. ದೇವನಹಳ್ಳಿಗೆ ಹೋದ ವಿಮಾನದ ಹಾಗೆ ಅವರ ಸದ್ದೂ ಊರಾಚೆಗೆ ವರ್ಗವಾಗಿದೆ. ಆದರೆ ಆ ಫ್ಯಾನುಗಳು ಅವರ ಮಾತು ಕೇಳುವುದಿಲ್ಲ, ಆದ್ದರಿಂದ ಅವರಿಗೂ ಅವು ಕೇಳಿಸುವುದಿಲ್ಲ.

ಸದ್ಯ ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಬಂದಿದೆ, ಯು.ಪಿ.ಎಸ್. ಬಾಲ್ಕನಿಗೆ ಗಡೀಪಾರಾಗಿದೆ. ಉಳಿದಿರುವುದು ಅಡುಗೆಮನೆಯ ಫ್ರಿಜ್ಜು. ಗಂಟೆಗೆರಡು ಸಲ ಎದ್ದು ಗುರ್ ಎಂದು ಮತ್ತೆ ಮಲಗುವ ಅದರ ಕಂಪ್ರೆಸರಿಗೆ ನಾಲ್ಕನೇ ಪಿನ್ನಿಲ್ಲ. ವೇಗ ತಗ್ಗಿಸಿಕೊಂಡು ಓಡುವ ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜುಗಳು ಬಂದಿರುವ ಸುದ್ದಿ ರಾಯರ ಕಿವಿಗೆ ಬಿದ್ದಿದೆ. ಮನೆಯವರ ಕಿವಿಗೆ ಇನ್ನೂ ಹಾಕಿಲ್ಲ.