ಖಾಲಿ ಡಬ್ಬಿ

ನಮ್ಮಜ್ಜಿ ಓದಿದ್ದು ಮೂರನೇ ಕ್ಲಾಸು. ಆದರೆ ಹಾಸನದ ನಮ್ಮ ಬೀದಿಯಲ್ಲಿ ಅವಳ ಮಾತು ಮೀರುವವರಿರಲಿಲ್ಲ. ಧನುರ್ಮಾಸ ಬಂತೆಂದರೆ ಅಡಕೆಕತ್ತರಿ ಹಿಡಿದು ಕೂತು ಕೊಬ್ಬರಿ, ಬೆಲ್ಲ ಸಣ್ಣಗೆ ಕತ್ತರಿಸಿ ತಾರಸಿಯ ಮೇಲೆ ಒಣಹಾಕಿ, ಕಾಗೆ ಕಾಯಲು ನನ್ನನ್ನು ಕೂರಿಸುವಳು. ಕಾಗೆಗಿಂತ ಹೆಚ್ಚು ತಿಂದದ್ದು ನಾನೇ, ಅದಿರಲಿ. ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಮೊದಲು ಹೋಗುತ್ತಿದ್ದುದು ನಲ್ಲಿ ನೀರಿಗೆ ಜಗಳವಾಡಿ ಮಾತು ಬಿಟ್ಟವರ ಮನೆಗೆ. "ಬೇಕಾದವ್ರ ಮನೆಗೆ ನಾಳೆ ಹೋದ್ರೂ ನಡಿಯತ್ತೆ" ಅನ್ನುವಳು. ಇನ್ನೊಂದು ಕಟ್ಟಪ್ಪಣೆ: ಯಾರ ಮನೆಯ ಪಾತ್ರೆಯೂ ಖಾಲಿ ವಾಪಸು ಹೋಗಕೂಡದು. ಏನೂ ಇಲ್ಲವೆಂದರೆ ಒಂದು ಚಮಚ ಸಕ್ಕರೆಯಾದರೂ ಸರಿ.

ಸ್ಟೇಷನ್ ಮಾಸ್ತರರಾಗಿದ್ದ ದೊಡ್ಡಪ್ಪನದು ಬೇರೆ ದಾರಿ. "ಕೆಲಸ ಆಗ್ಬೇಕಾದ್ರೆ ಕೆಲಸದ ಮಾತೆತ್ತಬೇಡ, ಊಟ ಆಯ್ತಾ ಅಂತ ಕೇಳು." ಬೆಂಗಳೂರಿನ ಆಫೀಸು ಸೇರಿದ ವಾರದಲ್ಲೇ ರಜೆ ಬೇಕಾಗಿ ಇದನ್ನು ಸಾಹೇಬರ ಮೇಲೆ ಪ್ರಯೋಗಿಸಿದೆ. ಮಧ್ಯಾಹ್ನ ನಾಲ್ಕಾಗಿತ್ತು. "ಇಲ್ಲ ಕಣಯ್ಯ, ಆಗಿಲ್ಲ" ಅಂದುಬಿಟ್ಟರು. ಈ ಉತ್ತರಕ್ಕೆ ಏನು ಮಾಡಬೇಕೆಂದು ದೊಡ್ಡಪ್ಪ ಹೇಳಿಕೊಟ್ಟಿರಲಿಲ್ಲ. ದರ್ಶಿನಿಗೆ ಕರೆದೊಯ್ದೆ, ಸಾಹೇಬರು ಎರಡು ಮಸಾಲೆ ದೋಸೆ ತಿಂದರು, ಬಿಲ್ಲು ನಾನು ಕೊಟ್ಟೆ, ರಜೆ ಮಾತ್ರ ಸಿಗಲಿಲ್ಲ.

ಹೀಗಾಗಿ ಅಜ್ಜಿಯ ಪಂಥಕ್ಕೆ ಸೇರಿದೆ. ಲೆಕ್ಕಪತ್ರ ವಿಭಾಗದ ಮೇಡಂ ಕೆಂಪು ಇಂಕಿಗೆ ಹೆಸರುವಾಸಿ. ನನ್ನ ಟಿ.ಎ. ಬಿಲ್ಲು ಮೂರು ಸಲ ಹೋಗಿ ಮೂರು ಸಲವೂ ರಕ್ತ ಸುರಿಸಿಕೊಂಡು ಬಂದಿತ್ತು. ಒಂದು ದಿನ ಅದೇ ಮೇಡಂ, ನಾನು ಊಟ ತಂದಿಲ್ಲವೆಂದು ತಿಳಿದು, ಸ್ಟೀಲ್ ಡಬ್ಬಿಯಲ್ಲಿ ಗೊಜ್ಜವಲಕ್ಕಿ ಕಳಿಸಿದರು. ನನ್ನ ಬಾಡಿಗೆ ಕೋಣೆಯಲ್ಲಿ ತುಂಬಿಕೊಡಲು ಏನಿತ್ತು? ಡಬ್ಬಿ ತೊಳೆದು, ಅಜ್ಜಿಯನ್ನು ನೆನೆದು, ಸಕ್ಕರೆ ಹಾಕಿ ಕೊಟ್ಟೆ.

ಮುಚ್ಚಳ ತೆಗೆದವರ ಮುಖ ಬಿಗಿಯಿತು. "ನಂಗೆ ಶುಗರ್ ಇದೆ ಅಂತ ಯಾರಪ್ಪಾ ಹೇಳಿದ್ದು ನಿಂಗೆ?"

ತೊದಲುತ್ತಾ ಅಜ್ಜಿಯ ಕಥೆ ಹೇಳಿದೆ. ಮೇಡಂ ಕನ್ನಡಕ ತೆಗೆದರು. "ನಮ್ಮತ್ತೇನೂ ಹಾಗೇ ಮಾಡೋರು" ಎಂದು ಎರಡು ಕಾಳು ಬಾಯಿಗೆ ಹಾಕಿಕೊಂಡು ಅತ್ತಿತ್ತ ನೋಡಿದರು. ಮರುದಿನ ಬಿಲ್ಲು ಬಂತು. ಪಾಸಾಗಿ ಅಂದುಕೊಂಡಿರಾ? ಬಸ್ ಟಿಕೆಟ್ ಲಗತ್ತಿಸಿಲ್ಲ ಎಂಬ ಆಕ್ಷೇಪಣೆ ಹಾಗೇ ಇತ್ತು. ಆದರೆ ಈ ಸಲ ಪೆನ್ಸಿಲಿನಲ್ಲಿ. ಸರ್ಕಾರಿ ಕಡತ ಕಂಡವರಿಗೆ ಗೊತ್ತು, ಪೆನ್ಸಿಲಿನ ಆಕ್ಷೇಪಣೆ ಎಂದರೆ ಎಷ್ಟು ದೊಡ್ಡ ಪ್ರೀತಿ ಎಂದು.

ಆಮೇಲೆ ಆ ಡಬ್ಬಿ ನಿಲ್ಲಲೇ ಇಲ್ಲ. ನುಚ್ಚಿನುಂಡೆ ಬಂತು, ಕೋಡುಬಳೆ ಹೋಯಿತು. ಹುಳಿಯವಲಕ್ಕಿ ಬಂತು, ನನ್ನ ಮದುವೆಯಾದ ಮೇಲೆ ಹೆಂಡತಿಯ ತಂಬಿಟ್ಟೂ ಹೋಯಿತು. ಹೋದ ವರ್ಷ ಮೇಡಂ ನಿವೃತ್ತರಾದ ದಿನ ಡಬ್ಬಿ ನಮ್ಮ ಮನೆಯಲ್ಲೇ ಉಳಿದಿತ್ತು. ತುಂಬಿಕೊಂಡು ಮಲ್ಲೇಶ್ವರದ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು, ಹೊರಡುವಾಗ ಡಬ್ಬಿಯನ್ನೂ ಕೊಟ್ಟರು. ಭಾರವಾಗಿತ್ತು.