ಒರಿಜಿನಲ್ ರಾಯರು

ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಗೇಟಿನೊಳಗೆ ಕವರ್ ಹೊದ್ದು ಮಲಗಿದ ಕಾರು, ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲು, ಸ್ಟೂಲಿನ ಮೇಲೆ ಬನಿಯನ್ ತೊಟ್ಟು ಚಕ್ರವನ್ನೇ ದಿಟ್ಟಿಸುತ್ತಿರುವ ಒಬ್ಬ ಹಿರಿಯರು. ನಮ್ಮ ಬೀದಿಯಲ್ಲಿ ಆ ಹುದ್ದೆಯನ್ನು ಅಲಂಕರಿಸಿರುವವರಿಗೆ ಒರಿಜಿನಲ್ ರಾಯರು ಅಂತಲೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಕೊರಿಯರ್ ಹುಡುಗನಿಗೆ ಮಾತ್ರ ಗೊತ್ತು. ಸರ್ಕಾರಿ ಕಾರ್ಖಾನೆಯೊಂದರ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆಂದೇ ಸಂಬಳ ಎಣಿಸಿದ ಜೀವ. ಈಗ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ.

ರಾಯರ ಬಾಯಲ್ಲಿರುವ ಹಲ್ಲು ಒರಿಜಿನಲ್ ಅಲ್ಲ. ಬಲ ಮಂಡಿಯೂ ಅಲ್ಲ. ತಲೆಗೂದಲಿನ ಕಪ್ಪು ತಿಂಗಳಿಗೊಮ್ಮೆ ಪೊಟ್ಟಣದಿಂದ ಬರುತ್ತದೆ. ಆದರೆ ಅವರ ಬೆಂಜ್ ಕಾರಿನ ವಿಷಯಕ್ಕೆ ಬಂದರೆ, "ಬೋಲ್ಟು ಬೋಲ್ಟೂ ಒರಿಜಿನಲ್ ಸ್ವಾಮಿ, ಬೇಕಾದ್ರೆ ಬಿಚ್ಚಿ ನೋಡಿ" ಎಂದು ಸ್ಪ್ಯಾನರ್ ಕೈಗೆ ಕೊಡುತ್ತಾರೆ. ಬಿಚ್ಚಿ ನೋಡಲು ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ ಉದಾಹರಣೆ ಇಲ್ಲ.

ಕಾರು ಡಬ್ಲ್ಯು 124. ಜರ್ಮನಿಯಲ್ಲಿ 1984ರ ಕೊನೆಗೆ ಹೊರಬಂದ ಮಾದರಿ, 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾಯಿತು. ಆ ಮೊದಲ ವರ್ಷದ್ದೇ ಗಾಡಿಯನ್ನು ರಾಯರು ಚಿಕ್ಕಮಗಳೂರಿನ ಪ್ಲಾಂಟರೊಬ್ಬರಿಂದ ಕೊಂಡರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾದ ಲೆಕ್ಕದಲ್ಲಿ 30 ವರ್ಷ ತುಂಬಿದರೆ ಗಾಡಿಗೆ ಐತಿಹಾಸಿಕ ಪಟ್ಟ. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಲ್ಲಿ ವಿಂಟೇಜ್ ಎನಿಸಿಕೊಳ್ಳಲು 50 ದಾಟಬೇಕು. ಆಗ 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರವಿರುವ ನಂಬರ್ ಪ್ಲೇಟು. "ಇನ್ನಿಪ್ಪತ್ತು ವರ್ಷ ಕಾಯ್ತೀನಿ, ಏನಾಯ್ತು?" ಎನ್ನುತ್ತಾರೆ ರಾಯರು. ಅವರಿಗೀಗ ಎಪ್ಪತ್ತೆರಡು.

ಎಲ್ಲ ಸರಿಯಿತ್ತು, ಚಕ್ರಗಳ ಹೊರತು. ಹದಿನೈದು ತೂತಿನ ಅಲಾಯ್ ಚಕ್ರಗಳು. ಪ್ಲಾಂಟರ ಡ್ರೈವರ್ ಯಾವುದೋ ಹಬ್ಬದ ಹಿಂದಿನ ದಿನ ತೋಟದ ಗೇಟಿಗೆ ಹೊಡೆದು ಮಿಕ್ಕಿದ್ದ ಅಲ್ಯೂಮಿನಿಯಂ ಪೇಂಟನ್ನು ಅವಕ್ಕೂ ಬಳಿದಿದ್ದ. ಬ್ರಷ್ಷಿನ ಮೂರು ಕೂದಲು ಅದರಲ್ಲೇ ಅಂಟಿಕೊಂಡಿದ್ದವು. ರಾಯರು ಚಿಮುಟದಿಂದ ಅವನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಸಾಕ್ಷ್ಯವಾಗಿ ಇಟ್ಟುಕೊಂಡಿದ್ದಾರೆ. ಯಾವ ಕೋರ್ಟಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆ ಬಣ್ಣ ತೆಗೆಯುವುದಕ್ಕೇ ಒಂದು ಪುರಾಣ. ಎದುರು ಮನೆಯ ಹುಡುಗ ಪಾಪ, ಉಪಕಾರ ಮಾಡುವ ಮನಸ್ಸಿನಿಂದ, "ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಹಾಕಿ ಅಂಕಲ್" ಅಂದುಬಿಟ್ಟ. "ಅದು ಕಬ್ಬಿಣಕ್ಕೆ ಕಣಪ್ಪಾ! ಅಲ್ಯೂಮಿನಿಯಂನ ಹಾಗೇ ತಿಂದುಹಾಕಿ ಹೈಡ್ರೋಜನ್ ಗುಳ್ಳೆ ಬಿಡುತ್ತೆ. ಇಂಜಿನಿಯರಿಂಗ್‌ನಲ್ಲಿ ಏನು ಓದಿದೀಯ?" ಆ ಹುಡುಗ ಓದುತ್ತಿರುವುದು ಬಿಕಾಂ. ಅಂದಿನಿಂದ ಅವನು ಬೀದಿಯ ಆ ತುದಿಯಿಂದ ಸುತ್ತಿಕೊಂಡು ಹೋಗುತ್ತಾನೆ. ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನವರು, "ಗಟ್ಟಿ ಇರುತ್ತೆ, ಅಗ್ಗ, 200 ಡಿಗ್ರಿ ಓವನ್ನಲ್ಲಿಟ್ಟು ಸಾಯಂಕಾಲ ಕೊಡ್ತೀವಿ" ಎಂದರು. ಅಂಚುಗಳೆಲ್ಲ ದಪ್ಪ ಪದರದಡಿ ಮುಚ್ಚಿಹೋಗುತ್ತವೆ, ನಾನೇನು ಫ್ರಿಜ್ಜು ತಂದಿದೀನಾ ಎಂದು ಗುಡುಗಿ ವಾಪಸಾದರು. ಕೊನೆಗೆ ಪೇಂಟ್ ರಿಮೂವರ್ ಹಚ್ಚಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ, ತೂತು ತೂತಾಗಿ ತಾವೇ ಉಜ್ಜಿದರು. ಬಾಯಲ್ಲಿ ಒರಿಜಿನಲ್ ಹಲ್ಲಿಲ್ಲದವರ ಮನೆಯಲ್ಲಿ ಅಷ್ಟು ಬ್ರಷ್ಷು ಏಕೆಂದು ಅಂಗಡಿಯ ಶೆಟ್ಟರಿಗೆ ಇಂದಿಗೂ ಅನುಮಾನ.

ನಿಜವಾದ ಕಥೆ ಇಲ್ಲಿಂದ. ಯಾವ ಬೆಳ್ಳಿ ಬಣ್ಣ ಹೊಡೆಯುವುದು? ಬಾನೆಟ್ ಎತ್ತಿದರೆ ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ ಬಾಡಿಯ ಬಣ್ಣದ ಮೂರಂಕಿ ಕೋಡು ಇರುತ್ತದೆ, ಚಕ್ರದ್ದು ಇರುವುದಿಲ್ಲ. ರಾಯರು ಸೋಲಲಿಲ್ಲ. ಚಕ್ರದ ನಡುವಿನ ನಕ್ಷತ್ರದ ಮುಚ್ಚಳ ಕಿತ್ತರು. ಅದರ ಅಂಚಿನಡಿ, ಬಿಸಿಲು ಮಳೆ ಯಾವುದೂ ತಾಗದೆ, ಡ್ರೈವರನ ಬ್ರಷ್ಷಿಗೂ ಸಿಗದೆ, ಉಗುರಿನಗಲದ ಒಂದು ಬಳೆಯಷ್ಟು ಹುಟ್ಟುಬಣ್ಣ ಉಳಿದಿತ್ತು. ಆ ದಿನ ಬೀದಿಗೆಲ್ಲ ಮೈಸೂರ್ ಪಾಕು ಹಂಚಿದರು. ಮೊಮ್ಮಗು ಹುಟ್ಟಿತೇನೋ ಎಂದುಕೊಂಡು ಒಂದಿಬ್ಬರು ಬೆಳ್ಳಿ ಲೋಟ ಕೊಟ್ಟೂ ಬಂದರು. ರಾಯರು ಲೋಟವನ್ನು ಮುಚ್ಚಳದ ಪಕ್ಕ ಹಿಡಿದು ನೋಡಿ, "ಇದು ಸ್ವಲ್ಪ ಹಳದಿ ಹೊಡೆಯುತ್ತೆ" ಎಂದರಂತೆ.

ಜೆ.ಸಿ. ರಸ್ತೆಯ ಪೇಂಟಿನಂಗಡಿಗೆ ಅವರ ಜೊತೆ ಹೋದದ್ದು ನನ್ನ ಕರ್ಮ. ಚಿಕ್ಕಪೇಟೆಯಲ್ಲಿ ಮದುವೆ ಸೀರೆ ಆರಿಸುವವರು ಸೆರಗನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡುವಂತೆ, ರಾಯರು ಹತ್ತಿರ ಹತ್ತಿರ ಎಂಟು ಕೆಜಿಯ ಚಕ್ರವನ್ನೆತ್ತಿಕೊಂಡು ಟ್ಯೂಬ್‌ಲೈಟಿಗೂ ಬೀದಿಗೂ ಓಡಾಡಿದರು. ಟ್ಯೂಬ್‌ಲೈಟಿನಡಿ ಜೋಡಿಯಾದ ಎರಡು ಬಣ್ಣ ಬಿಸಿಲಿಗೆ ಬಂದೊಡನೆ ಸೋಡಚೀಟಿ ಕೊಡುತ್ತಿದ್ದವು. ಸೇರಿಸಿರುವ ಪಿಗ್ಮೆಂಟು ಬೇರೆಯಾದರೆ ಹಾಗೇ, ಒಂದು ಬೆಳಕಿನಲ್ಲಿ ಒಂದೇ ಎನಿಸಿದ್ದು ಇನ್ನೊಂದರಲ್ಲಿ ಎರಡಾಗುತ್ತದೆ. ಗ್ರಾಂ ತಕ್ಕಡಿಯ ಮುಂದೆ ಕೂತ ಹುಡುಗ ಬಹಳ ಹೊತ್ತು ತಾಳ್ಮೆಯಿಂದಿದ್ದು, ಆಮೇಲೆ ಒಂದು ಸತ್ಯ ಹೇಳಿದ: "ಸಾರ್, ಒಂದೇ ಕೋಡಿಗೂ ಕಂಪನಿಯವರೇ ನಾಲ್ಕಾರು ವೇರಿಯಂಟ್ ಇಟ್ಟಿರ್ತಾರೆ. ಒಂದು ಸ್ವಲ್ಪ ನೀಲಿ, ಒಂದರಲ್ಲಿ ಕಣ ದಪ್ಪ. ಫ್ಯಾಕ್ಟರಿಯಿಂದ ಬರೋ ಗಾಡಿಗಳೇ ಒಂದೇ ಥರ ಇರಲ್ಲ."

ರಾಯರು ಸ್ಟೂಲು ಹುಡುಕಿಕೊಂಡು ಕುಳಿತರು. "ಹಾಗಾದ್ರೆ ಒರಿಜಿನಲ್ ಯಾವುದಪ್ಪಾ?"

"ನಿಮಗೆ ಯಾವುದು ಬೇಕೋ ಅದು ಸಾರ್. ಅರ್ಧ ಲೀಟರ್ ಕಟ್ಟಲಾ?"

ಕ್ವಾಲಿಟಿ ಕಂಟ್ರೋಲಿನಲ್ಲಿ ಬದುಕು ತೇಯ್ದವರಿಗೆ ಇಂಥ ಮಾತು ಹೇಳಬಾರದು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮನೆ ತಲುಪಿದವರೇ ವೇರಿಯಂಟುಗಳನ್ನೆಲ್ಲ ಪರೀಕ್ಷಿಸುವ ತೀರ್ಮಾನಕ್ಕೆ ಬಂದರು. ಪರೀಕ್ಷೆಗೆ ಅಲ್ಯೂಮಿನಿಯಂ ತಗಡೇ ಬೇಕು, ಅದರಲ್ಲೂ ಗುಳಿ ಇರಬೇಕು, ಸಣ್ಣ ತೂತುಗಳಿದ್ದರೆ ಇನ್ನೂ ಉತ್ತಮ. ಅಡುಗೆಮನೆಯಲ್ಲಿ ಅತ್ತೆಯ ಕಾಲದ ಇಡ್ಲಿ ತಟ್ಟೆಗಳು ನಾಲ್ಕಿದ್ದವು. ಒಂದೊಂದು ಗುಳಿಗೆ ಒಂದೊಂದು ವೇರಿಯಂಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು. ಮನೆಯಾಕೆ ಭಾನುವಾರ ಬೆಳಗ್ಗೆ ಹಿಟ್ಟು ಕಲಕಿಟ್ಟುಕೊಂಡು ತಟ್ಟೆ ಹುಡುಕಿದರೆ ಅವು ಕಾಂಪೌಂಡಿನಲ್ಲಿ ಒಣಗುತ್ತಿವೆ. ಅಂದು ದೋಸೆ. "ಆ ಚಕ್ರಕ್ಕೆ ಜರ್ಮನಿಯವರೇ ಮ್ಯಾನ್‌ಹೋಲ್ ಮುಚ್ಚಳ ಅಂತಾರಂತೆ. ಅವರು ಅಂದ್ರೆ ಪ್ರೀತಿ, ನಾನು ಮೋರಿ ಮುಚ್ಚಳ ಅಂದ್ರೆ ಮೂರು ದಿನ ಮಾತಿಲ್ಲ" ಎಂದು ಅವರು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರು.

ಪೇಂಟರ್ ಮೇಸ್ತ್ರಿಯ ಶೆಡ್ಡು ವಿಲ್ಸನ್ ಗಾರ್ಡನ್ನಿನಲ್ಲಿ. ಮೇಸ್ತ್ರಿಗೆ ಓದು ಏಳನೇ ಕ್ಲಾಸು, ಕೈ ಮಾತ್ರ ಪ್ರೊಫೆಸರ್ ಮಟ್ಟದ್ದು. ರಾಯರು ಬರೆದುಕೊಂಡು ಹೋಗಿದ್ದ ಗಾಳಿಯ ಒತ್ತಡ, ಗನ್ನಿನ ನಾಜಲ್ಲಿನ ಅಳತೆ, ತಿನ್ನರಿನ ಪ್ರಮಾಣ ಎಲ್ಲವನ್ನೂ ಆತ ಗೌರವದಿಂದ ಕೇಳಿ ಚೀಟಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ. ಆಮೇಲೆ ಹೇಳಿದ: "ಡಬ್ಬ ಒಂದೇ ಸಾರ್. ಗನ್ ಹತ್ರ ಹಿಡಿದು ಹಸಿಯಾಗಿ ಹೊಡೆದ್ರೆ ಬಣ್ಣ ಕಪ್ಪಾಗುತ್ತೆ, ದೂರ ಹಿಡಿದು ಒಣಗಾಗಿ ಹೊಡೆದ್ರೆ ಬೆಳ್ಳಗಾಗುತ್ತೆ. ಒಳಗಿರೋ ಬೆಳ್ಳಿ ಪುಡಿ ಹೆಂಗೆ ಮಲಗುತ್ತೋ ಹಂಗೆ." ಜೆ.ಸಿ. ರಸ್ತೆಯ ಸೂತ್ರಗಳೆಲ್ಲ ಇಷ್ಟರಲ್ಲೇ ನೆಲಕಚ್ಚಿದವು. ರಾಯರು ಕರ್ಚೀಫಿನಿಂದ ಹಣೆ ಒರೆಸಿಕೊಂಡು, "ಎಷ್ಟು ದೂರ? ಸೆಂಟಿಮೀಟರ್‌ನಲ್ಲಿ ಹೇಳು" ಎಂದರು. ಮೇಸ್ತ್ರಿ ಗೇಣು ತೋರಿಸಿದ. ರಾಯರು ಟೇಪು ತೆಗೆದು ಆತನ ಗೇಣನ್ನು ಅಳೆದು ಬರೆದುಕೊಂಡರು.

ಕೆಲಸ ಅದ್ಭುತವಾಗಿ ಬಂತು ಅನ್ನುವುದನ್ನು ಒಪ್ಪಲೇಬೇಕು. ಅಲ್ಯೂಮಿನಿಯಂ ಮೇಲೆ ಬಣ್ಣ ನೇರ ಹಿಡಿಯದ್ದರಿಂದ ಮೊದಲು ಎಚ್ ಪ್ರೈಮರ್, ಮೇಲೆ ಬೆಳ್ಳಿ, ಅದರ ಮೇಲೆ ತೆಳ್ಳಗೆ ಕ್ಲಿಯರ್. ಬೋಲ್ಟು ಕೂರುವ ಗುಳಿಗಳಿಗೂ ಹಬ್ಬಿಗೆ ತಾಗುವ ಹಿಂಬದಿಗೂ ಟೇಪು ಅಂಟಿಸಿ ಬಣ್ಣ ಬೀಳದಂತೆ ನೋಡಿಕೊಂಡಿದ್ದ; ಅಲ್ಲಿ ಬಣ್ಣ ಕೂತರೆ ಓಡುತ್ತಾ ಅದು ಸವೆದು ಬೋಲ್ಟು ಸಡಿಲಾಗುತ್ತದೆ. ಮುಚ್ಚಳದಡಿಯ ಬಳೆ ಯಾವುದು, ಹೊಸದು ಯಾವುದು ಎಂದು ಹೇಳಲು ನನ್ನ ಕಣ್ಣಿಗಂತೂ ಆಗಲಿಲ್ಲ. ಚಕ್ರಗಳನ್ನು ಕಾರಿಗೆ ಏರಿಸುವ ದಿನ ನಾವೆಲ್ಲ ಸಾಕ್ಷಿಗಳು. ಚಕ್ರಕ್ಕೆ ಐದು ಬೋಲ್ಟು, ಒಂದೊಂದಕ್ಕೂ 110 ನ್ಯೂಟನ್ ಮೀಟರ್. ಟಾರ್ಕ್ ವ್ರೆಂಚು ಟಕ್ಕೆಂದಾಗಲೆಲ್ಲ ರಾಯರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಇನ್ನೇನು, ಓಡಿಸಬಹುದಲ್ಲ ಎಂದು ನೀವು ಕೇಳಬಹುದು. ಹಾಗೆ ಕೇಳಿದವರಿಗೆ ರಾಯರ ಬಳಿ ಉತ್ತರ ಸಿದ್ಧವಿದೆ. ಬ್ರೇಕ್ ಹಾಕಿದರೆ ಪ್ಯಾಡಿನ, ಡಿಸ್ಕಿನ ಕಬ್ಬಿಣದ ಧೂಳು ಬಿಸಿಯಾಗಿ ಚಕ್ರದ ಮೇಲೆ ಕೂತು ತುಕ್ಕು ಹಿಡಿಯುತ್ತದೆ. ಆದ್ದರಿಂದ ಬ್ರೇಕ್ ಹಾಕಬಾರದು. ಬೆಂಗಳೂರಿನಲ್ಲಿ ಬ್ರೇಕ್ ಹಾಕದೆ ಗಾಡಿ ಓಡಿಸುವಂತಿಲ್ಲ. ಆದ್ದರಿಂದ ಗಾಡಿ ಓಡಿಸಬಾರದು. ಮೊನ್ನೆ ತಂಗಿಯ ಮಗನ ಮದುವೆಗೆ ದಂಪತಿ ಆಟೋದಲ್ಲಿ ಹೋದರು. ಛತ್ರದಲ್ಲಿ ರಾಯರು ಧಾರೆಗೆ ಸಿಗಲಿಲ್ಲ. ಪಾರ್ಕಿಂಗಿನಲ್ಲಿ ಯಾರದೋ ಹೊಸ ಕಾರಿನ ಕಪ್ಪು ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಯ್ಯೋ, ಇದೇನು ಮಾಡ್ಕೊಂಡ್ರಿ" ಎಂದು ವರನ ಮಾವನಿಗೆ ಸಂತಾಪ ಸೂಚಿಸುತ್ತಿದ್ದರಂತೆ.

ಕೇಡು ಬಂದದ್ದು ಮಲ್ಲೇಶ್ವರದಿಂದ. ಅಲ್ಲಿಯೂ ಒಬ್ಬ ಒರಿಜಿನಲ್ ಇದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಹಾಲು ಹೆಚ್ಚಾಗಿ ಹಾಕಿದ ಕಾಫಿ ಕುಡಿಯುತ್ತಾ ಕಾರನ್ನು ಒಂದು ಸುತ್ತು ಬಂದರು. ಬಣ್ಣ ನೋಡಿದರು, ಮೆಚ್ಚಿದರು, ಮುಚ್ಚಳ ಮುಟ್ಟಿದರು. ಆಮೇಲೆ ಬೆರಳು ಮಡಚುತ್ತಾ ತೂತು ಎಣಿಸತೊಡಗಿದರು.

"ಹದಿನೈದು. ಅಲ್ಲಾ ರಾಯರೇ, 95ರ ಗಾಡಿ ಅಂದ್ರೆ ಎಂಟು ತೂತಿಂದಲ್ವೇ? ಇದು ಅದಕ್ಕಿಂತ ಹಿಂದಿನ ಗಾಡಿಗಳದ್ದು."

ಬೀದಿಯಲ್ಲಿ ಸೊಪ್ಪಿನವಳೂ ಕೂಗು ನಿಲ್ಲಿಸಿದಳು. ರಾಯರು "ಪೀರಿಯಡ್ ಕರೆಕ್ಟು, ಪೀರಿಯಡ್ ಕರೆಕ್ಟು" ಎಂದು ಎರಡು ಸಲ ಅಂದರು, ಎರಡನೆಯದು ಮೊದಲನೆಯದಕ್ಕಿಂತ ಮೆಲ್ಲಗಿತ್ತು. ಅವರು ಕುಸಿದುಬಿಡುತ್ತಾರೆಂದು ನಾನು ಸ್ಟೂಲು ಎಳೆದುಕೊಟ್ಟೆ. ಕೂರಲಿಲ್ಲ. ಕಣ್ಣಲ್ಲಿ ಅದೆಂಥದೋ ಹುರುಪು. ಚಕ್ರ ಮುಗಿದ ಮೇಲೆ ಮಂಕಾಗಿದ್ದ ಮುಖಕ್ಕೆ ರಕ್ತ ಹರಿದು ಬಂತು. ಮಲ್ಲೇಶ್ವರದವರು ಗೇಟು ದಾಟುವ ಮೊದಲೇ ರಾಯರು ಶಾರ್ಜಾದಲ್ಲಿರುವ ಅಕ್ಕನ ಮಗನಿಗೆ ಫೋನ್ ಹಚ್ಚಿ, ಅಲ್ಲಿಯ ಹಳೆ ಪಾರ್ಟ್ಸ್ ಮಾರ್ಕೆಟ್ಟಿನಲ್ಲಿ ಎಂಟು ತೂತಿನ ಸೆಟ್ಟು ಹುಡುಕಲು ಹೇಳುತ್ತಿದ್ದರು. ಬಣ್ಣ ಹೊಡೆಸಿರಬಾರದು, ಬೇಕಾದರೆ ಗೀಚಿರಲಿ, ಒರಿಜಿನಲ್ ಆಗಿರಲಿ. ಮನೆಯಾಕೆ ಒಳಗೆ ಹೋಗಿ ಹೊಸ ಸ್ಟೀಲಿನ ಇಡ್ಲಿ ತಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ಮೇಸ್ತ್ರಿಗೂ ಸುದ್ದಿ ಮುಟ್ಟಿತು. ಆತ ಬೀಡಿ ಆರಿಸಿ ಸ್ವಲ್ಪ ಲೆಕ್ಕ ಹಾಕಿದ. "ಎಂಟು ತೂತಾದ್ರೆ ನಮಗೆ ಮಾಸ್ಕಿಂಗ್ ಕೆಲಸ ಕಮ್ಮಿ ಸಾರ್. ರೇಟು ಮಾತ್ರ ಒರಿಜಿನಲ್ಲೇ."